ಉಡಿ ಹೊತ್ತು ಕುಡಚಿಗೆ

ಅಕ್ಕವ್ವನ ತವರುಮನೆ ಅಲಖನೂರಿನಲ್ಲಿದೆ ಎಂಬುದು ಮೊದಲೇ ಗೊತ್ತಿದ್ದರೆ ನಾನು ಅವಳನ್ನು ನಿಪ್ಪಾಣಿಯಲ್ಲೇ ಬಸ್ಸು ಹತ್ತಿಸಿ ವಾಪಸ್ಸು ಕಳಿಸುತ್ತಿದ್ದೆ. ಗೊತ್ತಾದದ್ದು ನಾವು ನಡೆಯಲು ಹೊರಟ ನಾಲ್ಕನೆಯ ದಿನ ಸಂಜೆ. ಊರ ಹೊರಗೆ ಹಳದಿ ಬಣ್ಣ ಬಳಿದ ಕಲ್ಲಿನ ಹತ್ತಿರ ಒಬ್ಬ ಎತ್ತರದ ಮನುಷ್ಯ ಹೊಸ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಅವನನ್ನು ನೋಡಿದ್ದೇ ತಡ, ಅಕ್ಕವ್ವ ಬೆನ್ನ ಮೇಲಿನ ಚೀಲ ಮರೆತು ಓಡಿದಳು.

"ನಮ್ಮಣ್ಣ, ರಾಜಾರಾಮ," ಎಂದಳು ತಿರುಗಿ. "ಇವತ್ತ ನಮ್ಮ ಮನ್ಯಾಗ ವಸ್ತಿ."

ಸಾಲೆಯ ಕಟ್ಟೆ ತಪ್ಪಿ ಗಾದಿ ಸಿಕ್ಕಿತಲ್ಲ ಎಂದು ನಾನೂ ಹಿಗ್ಗಿದೆ. ದಡ್ಡಿ ನಾನು. ಮರುದಿನ ಏನು ಕಾದಿದೆ ಎಂದು ಯೋಚನೆಯೇ ಮಾಡಲಿಲ್ಲ.

ಮೊದಲು ಈ ದಾರಿಯ ಕಥೆ ಹೇಳಿಬಿಡುತ್ತೇನೆ. ಚಿಕ್ಕೋಡಿಯ ನಡಿಗೆ ಬಳಗದವರು ನಿಪ್ಪಾಣಿಯಿಂದ ಅಥಣಿಯವರೆಗೆ ಒಂದು ಕಾಲ್ದಾರಿ ಗುರುತು ಮಾಡಿದ್ದಾರೆ. ಡಾಂಬರು ಬಿಟ್ಟು ಹೊಲದ ಬದುವಿನ ಮೇಲೆ, ಕಾಲುವೆಯ ಏರಿಯ ಮೇಲೆ, ಕಬ್ಬಿನ ನಡುವಿನ ಬಂಡಿದಾರಿಯಲ್ಲಿ ಆರು ದಿನ ನಡೆಯಬೇಕು. ದಾರಿ ನೆಟ್ಟಗೆ ಹೋಗುವುದಿಲ್ಲ, ಚೆಂದ ಇದ್ದ ಕಡೆ ಹೋಗುತ್ತದೆ. ಕಲ್ಲು, ಕಂಬ, ಸೇತುವೆ ಕಂಡಲ್ಲೆಲ್ಲ ಹಳದಿ ಪಟ್ಟೆ. ಬಟ್ಟೆ, ಹೊದಿಕೆ, ನೀರು, ಬುತ್ತಿ ಎಲ್ಲವೂ ಬೆನ್ನ ಮೇಲಿನ ಚೀಲದಲ್ಲಿ. ಹಿಂದೆ ಒಂದು ಜೀಪು ಬರುತ್ತದೆ. ಸೋತವರು ಅದರಲ್ಲಿ ಚೀಲ ಹಾಕಬಹುದು, ತಾವೂ ಹತ್ತಬಹುದು. ಗಂಡಸರು ಬೇಕಾದಷ್ಟು ಮಂದಿ ಹತ್ತಿದ್ದಾರೆ, ಫೋಟೋದಲ್ಲಿ ಮಾತ್ರ ಅದು ಕಾಣುವುದಿಲ್ಲ.

ನಾನು ಕುಡಚಿಯವಳು, ನಾಜಿಮಾ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಸುತ್ತೇನೆ. ಕಲಿಯಲು ಬರುವ ಹನ್ನೊಂದು ಮಂದಿ ಹೆಂಗಸರು ಈ ದಾರಿಯ ಸುದ್ದಿ ಕೇಳಿ ಕುಣಿದಾಡಿದರು. ನಾವೂ ಹೋಗೋಣ, ಆದರೆ ಜೀಪು ಬೇಡ ಎಂದರು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಜೀಪು ಬಂದರೆ ಅದರಲ್ಲಿ ಒಬ್ಬಳ ಅಣ್ಣ, ಇನ್ನೊಬ್ಬಳ ಮೈದುನ ಕೂತೇ ಬರುತ್ತಾರೆ. ಅವರಿಗೆ ಚಹಾ, ಅವರಿಗೆ ಊಟ, ಅವರಿಗೆ ಯಾವ ಮರದ ನೆರಳು ಸರಿ ಎಂಬ ಚರ್ಚೆ. ನಡಿಗೆ ಹೋಗಿ ಅಡಿಗೆಯಾಗುತ್ತದೆ. ಅದಕ್ಕಿಂತ ಮನೆಯಲ್ಲಿ ಕೂತು ಗುಂಡಿ ಹಚ್ಚುವುದೇ ವಾಸಿ.

ಇದನ್ನು ನಾನು ಬಳಗದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ, ನನ್ನ ದನಿಯೇ ಹಾಗೆ. ಬಳಗದ ಮುಖ್ಯಸ್ಥರು ಜಯಪಾಲ ಸರ್. ಇಡೀ ಆಯುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಬಸ್ಸು ಬಿಟ್ಟವರು, ನಿವೃತ್ತರಾದ ಮೇಲೆ ಮನುಷ್ಯರನ್ನು ಬಿಡತೊಡಗಿದ್ದಾರೆ. ಕನ್ನಡಕ ಒರೆಸಿಕೊಂಡು ಅವರು ಒಂದು ಕರಾರು ಹಾಕಿದರು.

"ಮೊದಲ ನೀವು ಮೂರ ಮಂದಿ ಹೆಣ್ಣಮಕ್ಕಳು ನಡದ ತೋರಸ್ರಿ. ಅಲಖನೂರಿಂದ ಕುಡಚಿಗಿ ಬರೂ ದಿನಾನ ಎಲ್ಲಾರೂ ಸೋತ ಜೀಪಿನ್ಯಾಗ ಕುಂಡ್ರೂದು. ಆ ದಿನ ನಾ ಜೀಪ ತಗೊಂಡು ಕುಡಚಿ ರೈಲ್ವೆ ಗೇಟಿನ್ಯಾಗ ನಿಂತಿರತೀನಿ. ಸಂಜಿ ಮಸೀದಿ ಬಾಂಗ ಆಗೂದ್ರೊಳಗ ನಿಮ್ಮ ಭಾರ ನೀವ ಹೊತ್ಕೊಂಡು ಬಂದ್ರಿ, ನಿಮ್ಮ ತಂಡಕ್ಕ ಜೀಪ ಇಲ್ಲ. ಬರಲಿಲ್ಲ, ನಾನ ಹುಡಕ್ಕೊಂತ ಬರತೀನಿ. ಆಮ್ಯಾಲ ಜೀಪ ಬ್ಯಾಡ ಅನ್ನೂ ಮಾತ ತಗೀಬಾರದು."

"ಬಾಂಗ ಆಗೂ ತನಕಾ ನೀವೂ ಗೇಟ ಬಿಟ್ಟ ಕದಲಬಾರದ್ರಿ," ಎಂದೆ ನಾನು.

"ಟೈಮ್ ಅಂದ್ರ ಟೈಮ್," ಎಂದರು ಅವರು.

ನನ್ನ ಜೊತೆಗೆ ಕರೋಶಿಯ ಸೀಮಾ ಸಿಕ್ಕಳು. ಅಂಗನವಾಡಿಯಲ್ಲಿ ಕೆಲಸ, ಹಳೆಯ ಗೆಳತಿ, ಯಾವುದಕ್ಕೂ ನಗುವವಳು. ಮೂರನೆಯವಳಾಗಿ ಅವಳ ಅತ್ತೆ ಅಕ್ಕವ್ವ ತಾನಾಗಿಯೇ ಬಂದಳು. ಅರವತ್ತು ದಾಟಿದೆ, ಇಳಕಲ್ ಸೀರೆ, ಮೊಮ್ಮಗನ ಕ್ಯಾನ್‌ವಾಸ್ ಬೂಟು. ಗಂಡ ಲಗಮಣ್ಣ ಬೇಡ ಎಂದದ್ದಕ್ಕೆ ಅವಳು, "ಆರ ದಿನಾ ನೀನ ಚಹಾ ಕಾಸ್ಕೊ," ಎಂದು ಹೇಳಿ ಬಂದಿದ್ದಳಂತೆ. ನಾಲ್ಕು ದಿನ ಅವಳು ನಮಗಿಂತ ಮುಂದೆಯೇ ನಡೆದಳು. ನಾನು ಹೊಲಿದ ಚೀಲದಲ್ಲಿ ಅವಳು ಇಟ್ಟುಕೊಂಡದ್ದು ಎರಡು ಸೀರೆ, ಒಂದು ಕೌದಿ, ಎಲೆಅಡಿಕೆಯ ಚಂಚಿ, ಅಷ್ಟೇ.

ಅಲಖನೂರಿನಿಂದ ಹೊರಟ ಬೆಳಗು ಬಹಳ ಚೆಂದವಿತ್ತು. ಸಂಕ್ರಮಣ ಕಳೆದು ವಾರವಾಗಿತ್ತು, ಕಬ್ಬಿನ ಮೇಲೆ ಇಬ್ಬನಿ, ಎಲ್ಲಿಂದಲೋ ಬೆಲ್ಲ ಕುದಿಯುವ ವಾಸನೆ. ನಾವು ಚೀಲ ಬಿಗಿದುಕೊಂಡು ಅಂಗಳಕ್ಕೆ ಇಳಿದೆವು. ರಾಜಾರಾಮನ ಹೆಂಡತಿ ಮೊರ ಹಿಡಿದುಕೊಂಡು ಬಾಗಿಲಿಗೆ ಬಂದಳು. ಮೊರದ ತುಂಬ ಅಕ್ಕಿ, ತೆಂಗಿನಕಾಯಿ, ಅರಿಸಿನ ಕೊಂಬು, ಬೆಲ್ಲದ ಹೆಂಟೆ, ಕುಪ್ಪಸದ ಖಣ.

"ತವರಿಗಿ ಬಂದಾಕಿ ಉಡಿ ತುಂಬಿಸ್ಕೊಳ್ಳದ ಹ್ಯಾಂಗ ಹೋಗತಾಳ?" ಎಂದಳು.

ಅಕ್ಕವ್ವ ಸೆರಗು ಒಡ್ಡಿದಳು. ಸೀಮಾ ಟ್ರ್ಯಾಕ್ ಪ್ಯಾಂಟು ಮತ್ತು ಗಂಡನ ಟೀಶರ್ಟು ಹಾಕಿದ್ದಳು, ಉಡಿ ಒಡ್ಡಲು ಏನೂ ಇರಲಿಲ್ಲ. ಅವಳ ಸೊಂಟಕ್ಕೆ ರಾಜಾರಾಮನ ಹೊಸ ಟವೆಲು ಕಟ್ಟಿ ಅದರಲ್ಲಿ ತುಂಬಿದರು. ಆಮೇಲೆ ಆ ಹೆಣ್ಣುಮಗಳು ನನ್ನ ಕಡೆ ತಿರುಗಿದಳು. ನಾನು ಹಿಂದೆ ಸರಿದೆ. ಬೆನ್ನ ಮೇಲಿನ ಭಾರದ ಲೆಕ್ಕ ನನ್ನ ತಲೆಯಲ್ಲಿತ್ತು.

"ನಿನ್ನ ತವರ ಯಾವುದವಾ?" ಎಂದು ಕೇಳಿದಳು.

"ಮಿರಜ ಇತ್ತರಿ. ಅವ್ವ, ಅಪ್ಪ ಹೋದ್ರು. ತಮ್ಮ ಮನಿ ಮಾರಿ ಪುಣೇಕ ಹೋದ. ಈಗ ಯಾರೂ ಇಲ್ರಿ."

"ಇಲ್ಲ ಅನಬ್ಯಾಡ. ಇನ್ಮ್ಯಾಲ ಯಾರರ ಕೇಳಿದ್ರ ಅಲಖನೂರ ಅನ್ನು."

ಕುಂಕುಮದ ಬೆರಳು ನನ್ನ ಹಣೆಯ ಹತ್ತಿರ ಬಂದು ನಿಂತಿತು. ಒಂದು ಗಳಿಗೆ ನನ್ನ ಮುಖ ನೋಡಿದಳು, ಬೆರಳನ್ನು ತನ್ನ ಸೆರಗಿಗೆ ಒರೆಸಿಕೊಂಡಳು, ಒಳಗೆ ಹೋಗಿ ಚಿಟಿಕೆ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ನಾನು ದುಪಟ್ಟಾ ಒಡ್ಡಿದೆ. ಕಣ್ಣು ತುಂಬಿ ಬಂತು. ಅದು ಯಾರಿಗೂ ಕಾಣಬಾರದೆಂದು, ಹೊತ್ತಾಯಿತು, ಏನು ನಡೆಸಿದ್ದೀರಿ ಇದೆಲ್ಲ ಎಂದು ಸೀಮಾಳನ್ನು ಬೈದೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಹಳದಿ ಪಟ್ಟೆ ಹಿಡಿದು ಕಾಲುವೆಯ ಏರಿ ಹತ್ತಿದರೆ ಮೊದಲ ತೋಟದ ಮನೆಯ ಮುಂದೆ ಅಕ್ಕವ್ವನ ಚಿಗವ್ವ ಮೊರ ಹಿಡಿದು ನಿಂತಿದ್ದಳು. ಎರಡನೆಯ ಮನೆ ಸೋದರತ್ತೆಯ ಮಗಳದು. ಮೂರನೆಯದು ಸಣ್ಣವಳಿದ್ದಾಗ ಜೊತೆಗೆ ಹೊಲದ ಕಸ ತೆಗೆಯಲು ಹೋಗುತ್ತಿದ್ದ ಗೆಳತಿಯದು. ಅಕ್ಕವ್ವ ಕಾಲ್ನಡಿಗೆಯಲ್ಲಿ ಬರುತ್ತಿದ್ದಾಳೆ ಎಂಬ ಸುದ್ದಿ ಫೋನಿನಲ್ಲಿ ನಮಗಿಂತ ಮುಂಚೆ ಓಡುತ್ತಿತ್ತು. ಒಂದೊಂದು ಮನೆಯಲ್ಲೂ ಮೂವರಿಗೂ ಉಡಿ. ಒಂದು ಕಡೆ ಬೆಲ್ಲದ ಇಡೀ ಪೆಂಟಿ, ಇನ್ನೊಂದು ಕಡೆ ಬಾಟಲಿ ತುಂಬ ಕಾಕಂಬಿಯ ಜೋನಿಬೆಲ್ಲ, ಮತ್ತೊಂದು ಕಡೆ ಹಸಿ ಅರಿಸಿನದ ಗಡ್ಡೆ. ಎಲ್ಲ ಕಡೆಯೂ ತೆಂಗಿನಕಾಯಿ. ಬೇರೆಯವರು ನಡೆದಂತೆ ಬುತ್ತಿ ಖಾಲಿಯಾಗಿ ಚೀಲ ಹಗುರಾಗುತ್ತದೆ. ನಮ್ಮದು ಬಲಿಯುತ್ತ ಹೋಯಿತು.

"ಒಲ್ಲೆ ಅಂತ ಹೇಳಬೇ ಯವ್ವಾ," ಎಂದೆ.

"ತವರಿನ ಉಡಿ ಒಲ್ಲೆ ಅಂದ್ರ ತವರ ಒಲ್ಲೆ ಅಂದಂಗಾತು," ಎಂದಳು ಅಕ್ಕವ್ವ. ಬೆವರು ಒರೆಸಿಕೊಂಡಳು, ಮುಖ ಮಾತ್ರ ಮದುವಣಗಿತ್ತಿಯದು.

ಮಧ್ಯಾಹ್ನದ ಹೊತ್ತಿಗೆ ಒಂದು ಬೇವಿನ ಮರದ ಕೆಳಗೆ ಕೂತೆವು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದೆವು. ಅಲ್ಲಿಯವರೆಗೆ ಎಲ್ಲ ಸರಿ. ಏಳಲು ಹೋದರೆ ಏಳಲಾಗಲಿಲ್ಲ. ಸೀಮಾ ಚೀಲದ ಪಟ್ಟಿಗೆ ತೋಳು ತೂರಿಸಿ ಎದ್ದಳು, ಹಾಗೆಯೇ ಹಿಂದಕ್ಕೆ ಬಿದ್ದಳು, ಬಿದ್ದಲ್ಲೇ ಆಕಾಶ ನೋಡುತ್ತ ನಗತೊಡಗಿದಳು. ಅಕ್ಕವ್ವ ಬೂಟು ಬಿಚ್ಚಿದಳು. ಕಾಲು ಬಾತು ದಪ್ಪಗಾಗಿತ್ತು. ಕುಡಚಿ ಇನ್ನೂ ಅರ್ಧ ದಾರಿ ಇತ್ತು.

ಅಷ್ಟರಲ್ಲಿ ಮೋಟರ್‌ಸೈಕಲ್ ಮೇಲೆ ಅಕ್ಕವ್ವನ ಅಣ್ಣನ ಮಗ ಬಾಳೇಶ ಬಂದ. ನಮ್ಮ ಅವಸ್ಥೆ ನೋಡಿ ಜಾಣತನದ ಮಾತು ಆಡಿದ. "ಅತ್ತೀ, ಕರಾರ ಇರೂದು ನಿಮ್ಮ ಚೀಲದ್ದು. ಉಡಿ ಚೀಲ ಅಲ್ಲ. ಉಡಿ ಸಾಮಾನ ಇಷ್ಟೂ ಇಲ್ಲೆ ಕೊಡ್ರಿ, ನಾ ಕುಡಚಿಗಿ ಒಯ್ದ ಮುಟ್ಟಸ್ತೀನಿ."

ನನಗೆ ಅವನ ಕೈಗೆ ಮುತ್ತು ಕೊಡಬೇಕೆನ್ನಿಸಿತು. ಇದಕ್ಕೆ ಜಯಪಾಲ ಸರ್ ಕೂಡ ಏನೂ ಅನ್ನುವಂತಿರಲಿಲ್ಲ. ನಾನು ಆಗಲೇ ನನ್ನ ಗಂಟು ಬಿಚ್ಚತೊಡಗಿದ್ದೆ.

"ಮುಟ್ಟಬ್ಯಾಡ!" ಎಂದಳು ಅಕ್ಕವ್ವ. "ಉಡಿ ಹೆಣ್ಣಮಗಳು ತಾನ ಹೊತ್ಕೊಂಡ ಮನಿ ಮುಟ್ಟಬೇಕ. ಗಾಡಿ ಮ್ಯಾಲ ಕಳಸಾಕ ಅದೇನ ಗ್ಯಾಸ್ ಸಿಲಿಂಡರ ಏನ?"

"ಹಂಗಾರ ಕಾಯಿ ಒಡದ ತಿನ್ನೂಣು. ಹಗರ ಆಕ್ಕೈತಿ," ಎಂದಳು ಸೀಮಾ ನೆಲದ ಮೇಲಿಂದಲೇ.

"ದಾರ್ಯಾಗ ಉಡಿ ಬಿಚ್ಚಿ ತಿಂತಾರ? ಯಾರ ಕಲಿಸ್ಯಾರ ನಿನಗ?"

ನನಗೆ ಸಿಟ್ಟು ನೆತ್ತಿಗೇರಿತು. ಹಿರಿಯಳು ಎಂಬುದನ್ನೂ ಬಿಟ್ಟು ಅಂದುಬಿಟ್ಟೆ. "ನಿನ್ನ ಉಡಿ ಸಲವಾಗಿ ನನ್ನ ಹನ್ನೊಂದ ಮಂದಿ ಮನ್ಯಾಗ ಕುಂಡ್ರಬೇಕಲ್ಲಬೇ! ಅವರ ಏನ ಪಾಪ ಮಾಡ್ಯಾರ? ತಸ್ಲೀಮ ಕುಡಚಿ ಪ್ಯಾಟಿಗಿ ಸೈತ ಒಬ್ಬಾಕಿನ ಹೋಗಿಲ್ಲ. ಚೀಲ ಹೊಲಿಯೂದೂ ಅಕಿನ ಎಲ್ಲಾರಕಿಂತ ಮೊದಲ ಮುಗಿಸ್ಯಾಳ. ಅಕಿಗಿ ಏನಂತ ಹೇಳ್ಲಿ ನಾ?"

ಅಕ್ಕವ್ವ ಕಾಲು ಒತ್ತಿಕೊಳ್ಳುತ್ತ ಕಾಲುವೆಯ ನೀರಿನ ಕಡೆ ನೋಡಿದಳು. ನಾನು ನಾಲಿಗೆ ಕಚ್ಚಿಕೊಂಡೆ. ಬಾಳೇಶ ಮೆಲ್ಲಗೆ ಗಾಡಿ ತಿರುಗಿಸಿಕೊಂಡು ಹೋದ.

ಸುಮ್ಮನಿರಲಾರದ ಸೀಮಾ ತನ್ನ ಉಡಿಯ ಖಣಗಳನ್ನು ತಿರುವಿ ಹಾಕುತ್ತಿದ್ದಳು. ಒಮ್ಮೆಲೇ ಒಂದು ಹಸಿರು ಖಣ ಎತ್ತಿ ಹಿಡಿದು ಕಿರುಚಿದಳು. "ಇದು ನಂದ! ನೋಡ್ರಿ, ಮೂಲ್ಯಾಗ ಇಸ್ತ್ರಿ ಸುಟ್ಟ ಕಲೆ. ಇದನ್ನ ನಾ ಹ್ವಾದ ವರ್ಷ ಶ್ರಾವಣದಾಗ ಕರೋಶ್ಯಾಗ ಒಬ್ಬಾಕಿ ಉಡಿಗಿ ಹಾಕಿದ್ದೆ. ತಿರಗ್ಯಾಡಿ ನನಗ ಬಂದೈತಿ!"

ಅಕ್ಕವ್ವ ಕೂಡ ನಕ್ಕಳು. ಉಡಿಯ ಖಣ ಹೊಲಿಸಿಕೊಂಡವರನ್ನು ನಾನಂತೂ ಕಂಡಿಲ್ಲ. ಅದು ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಊರೂರು ಸುತ್ತುತ್ತದೆ. ನಗುತ್ತಿದ್ದಾಗಲೇ ನನಗೆ ಹೊಳೆಯಿತು.

"ಯವ್ವಾ, ಉಡೀಲಿಂದ ಇನ್ನೊಬ್ಬಾಕಿ ಉಡಿಗಿ ಹಾಕಿದ್ರ ದೋಷ ಇಲ್ಲಲ್ಲ?"

ಅಕ್ಕವ್ವ ಯೋಚಿಸಿದಳು. "ಇಲ್ಲ. ಅದು ಬಿಚ್ಚಿದಂಗ ಅಲ್ಲ, ಮುಂದ ಹೋದಂಗ. ಮುತ್ತೈದಿ ಇರಬೇಕ ಅಷ್ಟ." ಆಮೇಲೆ ಮುಖ ಸಣ್ಣದು ಮಾಡಿದಳು. "ಆದ್ರ ಇಲ್ಲಿ ಎಲ್ಲಾ ನಮ್ಮ ತವರಿನವರ ಮನಿನ. ನಾವು ತುಂಬಿದ್ರ ಅವರು ತಿರಗಿ ಎರಡರಷ್ಟು ತುಂಬತಾರ."

ಅದೂ ನಿಜ. ಹಲ್ಲು ಕಚ್ಚಿ, ಒಬ್ಬರನ್ನೊಬ್ಬರು ಎಬ್ಬಿಸಿ ಮುಂದೆ ನಡೆದೆವು. ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಉಸಿರು ತೆಗೆದುಕೊಳ್ಳುವುದು. ಕಾಲುವೆ ಬಲಕ್ಕೆ ಹೊರಳುವ ಕಡೆ, ಕಡಿದ ಕಬ್ಬಿನ ಹೊಲದ ಅಂಚಿನಲ್ಲಿ ಸಾಲಾಗಿ ಗುಡಿಸಲುಗಳು ಕಂಡವು. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದ ಟೋಳಿ. ದೀಪಾವಳಿಗೆ ಊರು ಬಿಟ್ಟರೆ ಯುಗಾದಿಯವರೆಗೂ ಅವರ ಮನೆ ಅದೇ. ಗಂಡಸರು ಕಬ್ಬಿನ ಟ್ರ್ಯಾಕ್ಟರಿನ ಜೊತೆ ಫ್ಯಾಕ್ಟರಿಗೆ ಹೋಗಿದ್ದರು. ಹೆಂಗಸರು ದನದ ಮೇವಿಗೆ ಕಬ್ಬಿನ ವಾಡೆ ಕಟ್ಟಿ ಮುಗಿಸಿ ಚಹಾಕ್ಕೆ ಕೂತಿದ್ದರು.

ನಾವು ಮೂವರೂ ಒಂದೇ ಸಲ ನಿಂತೆವು. ಇಲ್ಲಿ ಅಕ್ಕವ್ವನ ತವರಿನವರು ಯಾರೂ ಇರಲಿಲ್ಲ.

ಮಿರಜದಲ್ಲಿ ಬೆಳೆದವಳಾದ್ದರಿಂದ ಮರಾಠಿ ನನ್ನ ಪಾಲಿಗೆ ಬಂತು. ನಿಮ್ಮ ಓಟಿ ತುಂಬಬೇಕೆಂದಿದ್ದೇವೆ ಎಂದೆ. ಉಡಿಗೆ ಅವರ ಕಡೆ ಓಟಿ ಎನ್ನುತ್ತಾರೆ. ಅವರಲ್ಲಿ ಹಿರಿಯಳು ಕಪ್ಪು ಕೆಳಗಿಟ್ಟು, "ಆಮಚೀ?" ಎಂದಳು. ನಮ್ಮದಾ ಎಂದು ಕೇಳಿದ ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಊರೂರಿನ ಕಬ್ಬು ಕಡಿದರೂ ಯಾವ ಊರೂ ಅವರನ್ನು ಹೊಸ್ತಿಲ ಒಳಗೆ ಕರೆದಿರಲಿಕ್ಕಿಲ್ಲ.

ಅವರು ಕೈಕಾಲು ಮುಖ ತೊಳೆದು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಸೆರಗು ಸರಿಮಾಡಿಕೊಂಡು ಕಬ್ಬಿನ ಒಣಗರಿಯ ರವದಿಯ ಮೇಲೆ ಸಾಲಾಗಿ ಕೂತರು. ಅಕ್ಕವ್ವ ಕುಂಕುಮ ಹಚ್ಚುತ್ತ ಬಂದಳು, ಬಾತ ಕಾಲಿನ ಸುದ್ದಿಯೇ ಇಲ್ಲ. ಸಾಲಿನ ಕೊನೆಗೆ ಒಬ್ಬ ಹುಡುಗಿ ಕೂತಿದ್ದಳು. ಹೆಸರು ಆಶಾಮತಿ. ತುಂಬಿದ ಬಸುರಿ. ಬೆಳಗಿನಿಂದ ಅವಳೂ ಕಬ್ಬು ಕಡಿದಿದ್ದಳು, ಕೈ ತುಂಬ ಗರಿ ಗೀರಿದ ಗಾಯ. ಮೊದಲ ಬಸುರಿಗೆ ತವರಿನವರು ಕರೆದು ಓಟಿ ತುಂಬಬೇಕು, ಆದರೆ ತವರಿನವರು ಕೂಡ ಇನ್ನೆಲ್ಲೋ ಕಬ್ಬು ಕಡಿಯುತ್ತಿದ್ದಾರೆ ಎಂದು ಹಿರಿಯಳು ಹೇಳಿದಳು.

ಅಕ್ಕವ್ವ ನನ್ನ ಕಡೆ ತಿರುಗಿದಳು. "ಇಕಿಗಿ ನೀ ತುಂಬು."

"ನಾನಾ? ನನಗ ಬರೂದಿಲ್ಲಬೇ. ನಮ್ಮೊಳಗ..."

"ಮುಂಜಾನೆ ನೋಡೀಯಲ್ಲ? ಅಷ್ಟ. ಒಡ್ಡಿದವರ ಉಡ್ಯಾಗ ಹಾಕೂದು. ಅದರಾಗೇನ ಬರೂದೈತಿ?"

ಆಶಾಮತಿ ಹರಿದ ಸೀರೆಯ ಸೆರಗನ್ನು ಎರಡೂ ಕೈಯಿಂದ ಅಗಲವಾಗಿ ಒಡ್ಡಿದಳು. ನಾನು ಅಕ್ಕಿ ಹಾಕಿದೆ. ಕಾಯಿ ಹಾಕಿದೆ. ಬೆಳಗಿನಿಂದ ಶಪಿಸುತ್ತ ಹೊತ್ತದ್ದನ್ನೆಲ್ಲ ಒಂದೊಂದಾಗಿ ಹಾಕುತ್ತಿದ್ದರೆ ನನಗೆ ಏನೋ ಆಯಿತು. ಇಂಥ ಸಂತೋಷ ನನ್ನ ಮಗನ ಮದುವೆಯಲ್ಲೂ ಆಗಿರಲಿಲ್ಲ, ಇದು ಸುಳ್ಳಲ್ಲ. ಕೊನೆಗೆ ಬೆಲ್ಲ ಮುರಿದು ಅವಳ ಬಾಯಿಗಿಟ್ಟೆ. ಅವಳು ಅಗಿಯುತ್ತ ಅಗಿಯುತ್ತ ಅತ್ತಳು. ನಾನೂ ಅತ್ತೆ. ಸೀಮಾ ಇಬ್ಬರನ್ನೂ ನೋಡಿ ನಕ್ಕಳು, ಆಮೇಲೆ ಅವಳೂ ಅತ್ತಳು.

ಯಾರೋ ನೀರಿನ ಪ್ಲಾಸ್ಟಿಕ್ ಕ್ಯಾನು ಬೋರಲು ಹಾಕಿ ಬಾರಿಸತೊಡಗಿದರು. ಹಾಡು ಶುರುವಾಯಿತು. ಹಿರಿಯಳು ಅಕ್ಕವ್ವನ ಎರಡೂ ಕೈ ಹಿಡಿದು ಫುಗಡಿಗೆ ಎಳೆದಳು. ಅಕ್ಕವ್ವ ಬೂಟು ಒಗೆದು, ಸೀರೆ ಎತ್ತಿ ಕಟ್ಟಿ, ಬುಗುರಿಯಂತೆ ಗಿರಗಿರ ತಿರುಗಿದಳು. ನಾನೂ ತಿರುಗಿದೆ, ಜಾರಿ ಬಿದ್ದ ದುಪಟ್ಟಾವನ್ನು ಆಮೇಲೆ ಹುಡುಕಿ ಹೊದ್ದುಕೊಂಡೆ. ಅವರು ನಮ್ಮನ್ನು ಬರಿಗೈಯಲ್ಲಿ ಕಳಿಸಲಿಲ್ಲ. ತಮ್ಮೂರಿನ ಹೊಲದ ಸಜ್ಜೆ ಒಂದೊಂದು ಹಿಡಿ ನಮ್ಮ ಉಡಿಗೆ ಹಾಕಿದರು. ಕುಡಿಯಲು ಚಹಾ ಕೊಟ್ಟರು, ಅದರಲ್ಲಿ ನಮ್ಮದೇ ಬೆಲ್ಲ.

ಚಹಾ ಕುಡಿದು ತಲೆ ಎತ್ತಿದೆ. ಹೊತ್ತು ಪಡುವಣಕ್ಕೆ ಇಳಿದುಬಿಟ್ಟಿತ್ತು.

"ಸತ್ತೆವು!" ಎಂದೆ.

ಆಮೇಲೆ ನಾವು ನಡೆದದ್ದನ್ನು ನಡಿಗೆ ಎನ್ನಬಾರದು. ಚೀಲ ನಿಪ್ಪಾಣಿಯಿಂದ ಹೊರಟಾಗಿನಷ್ಟೇ ಹಗುರಾಗಿತ್ತು, ಅಕ್ಕವ್ವ ಬೂಟು ಕೈಯಲ್ಲಿ ಹಿಡಿದು ಮಣ್ಣಿನ ದಾರಿಯಲ್ಲಿ ಬರಿಗಾಲಲ್ಲಿ ಸರಸರ ಹೊರಟಿದ್ದಳು. ಕೃಷ್ಣೆಯ ಕಡೆಯ ತಂಪು ಗಾಳಿ ಮುಖಕ್ಕೆ ಬಡಿಯುತ್ತಿತ್ತು. ದೂರದಲ್ಲಿ ರೈಲಿನ ಸದ್ದು ಕೇಳಿತು. ಕುಡಚಿಯ ಮೊದಲ ಮನೆಗಳು ಕಂಡಾಗ ಹೊತ್ತು ಕಬ್ಬಿನ ತುದಿಗಿಂತ ಇನ್ನೂ ಒಂದು ಮೊಳ ಮೇಲಿತ್ತು. ಗೆದ್ದೆವು ಎಂದು ಸೀಮಾ ಕೂಗುವಷ್ಟರಲ್ಲಿ ಎದುರಿಗೆ ಧೂಳು ಎದ್ದಿತು.

ಜೀಪು. ಜಯಪಾಲ ಸರ್ ಜೀಪು.

"ಬಾಂಗ ಆಗಿಲ್ಲ!" ಎಂದೆ. ನನಗೆ ಮೈ ಉರಿದುಹೋಯಿತು. "ಟೈಮ್ ಅಂದ್ರ ಟೈಮ್ ಅಂದಿದ್ರಲ್ಲ! ಗೇಟ ಬಿಟ್ಟ ಯಾಕ ಬಂದ್ರು? ಈಗ ನಮ್ಮನ್ನ ನೋಡಿದ್ರ, ನಾನ ಹುಡಕಿ ತಂದೆ ಅಂತ ಜೀವ ಇರೂ ತನಕಾ ಹೇಳತಾರ."

ಜಗಳಕ್ಕೆ ನಾನು ದಾರಿಯ ನಡುವೆ ನಿಂತೆ. ಅಕ್ಕವ್ವ ನನ್ನ ಚೀಲದ ಪಟ್ಟಿ ಹಿಡಿದು ಒಂದು ಜಗ್ಗು ಜಗ್ಗಿದಳು. ಮರುಗಳಿಗೆಯಲ್ಲಿ ಮೂವರೂ ಕಬ್ಬಿನ ಒಳಗಿದ್ದೆವು.

ಜೀಪು ಸರಿಯಾಗಿ ನಮ್ಮ ಎದುರಿಗೇ ನಿಂತಿತು. ಸೀಮಾಳ ಫೋನು ರಿಂಗಾಗತೊಡಗಿತು. ಅವಳು ಅದನ್ನು ನೆಲಕ್ಕಿಟ್ಟು ಅದರ ಮೇಲೆ ಕೂತಳು. ನಗು ತಡೆಯಲಾರದೆ ಟವೆಲು ಬಾಯಿಗೆ ತುರುಕಿಕೊಂಡಳು. ಹೊರಗೆ ಜಯಪಾಲ ಸರ್ ಡ್ರೈವರಿಗೆ ಹೇಳುತ್ತಿದ್ದರು.

"ಫೋನ ಎತ್ತವಲ್ರು, ಅಮಿತ. ಆ ಅಕ್ಕವ್ವನ ಕಾಲ ಬಾತಾವಂತ ಬಾಳೇಶ ಹೇಳಿದ. ಎಲ್ಲೆರ ಬಿದ್ದಾರೇನೋ. ನನ್ನ ಹಟಕ್ಕ ಏನರ ಆತಂದ್ರ ಅವರ ಮನಿ ಮಂದಿಗಿ ಹ್ಯಾಂಗ ಮಾರಿ ತೋರಸ್ಲಿ? ನಡಿ, ಬೇಗ ನಡಿ."

ಅವರ ದನಿ ಒಡೆದಿತ್ತು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಾಪ, ಮುದುಕ ಹೆದರಿದ್ದಾನೆ ಎಂದು ಹೊರಗೆ ಹೋಗಲು ಎದ್ದೆ. ಅಕ್ಕವ್ವ ನನ್ನ ಜಡೆ ಹಿಡಿದು ಕೂರಿಸಿದಳು.

"ಸುಮ್ಮ ಕುಂಡ್ರು. ಇನ್ನ ಸ್ವಲ್ಪ ಹೊತ್ತ ಹೆದರಿದ್ರ ಏನೂ ಆಗೂದಿಲ್ಲ ಅವರಿಗಿ. ನೀ ಎದ್ದ ಹೋದ್ರ ನಿನ್ನ ಹನ್ನೊಂದ ಮಂದಿಗಿ ಆಕ್ಕೈತಿ."

ಜೀಪು ಮುಂದೆ ಹೋಯಿತು. ನಾವು ಕಬ್ಬಿನಿಂದ ಹೊರಬಿದ್ದು ಗೇಟಿನವರೆಗೆ ಹಿಂದೆ ನೋಡಲಿಲ್ಲ. ಅಲ್ಲಿ ಚಹಾದ ಗಾಡಿಯ ಅಫ್ಜಲ ಚಾಚಾ ನಮ್ಮನ್ನು ನೋಡಿ ಬಾಯಿ ತೆರೆದು ನಿಂತ. "ಚಾಚಾ, ಬಾಂಗ ಆತೇನ?" ಎಂದು ಒದರಿದೆ. ಇನ್ನೂ ಇಲ್ಲ ಎಂದ. ಮೂರು ಚಹಾ ಹೇಳಿದೆವು. ಮೊದಲ ಗುಟುಕು ಒಳಗೆ ಹೋಗುವಾಗ ಮಸೀದಿಯಿಂದ ಬಾಂಗು ಕೇಳಿತು. ನಾನು ದುಪಟ್ಟಾ ತಲೆಗೆ ಎಳೆದುಕೊಂಡು, ಚಹಾದ ಗ್ಲಾಸು ಹಿಡಿದುಕೊಂಡೇ ಅಲ್ಲಾಹನಿಗೆ ಶುಕ್ರ್ ಎಂದೆ.

ಜೀಪು ದೀಪ ಹಚ್ಚಿಕೊಂಡು ವಾಪಸ್ಸು ಬಂತು. ಜಯಪಾಲ ಸರ್ ಇಳಿದು ನಮ್ಮನ್ನು ನೋಡಿದರು. ಮೊದಲು ಅವರ ಮುಖದಲ್ಲಿ ಬಂದದ್ದು ಸಮಾಧಾನ, ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು.

"ನಾ ಕಾಲಿವಿ ತನಕಾ ಹೋಗಿ ಬಂದೆ. ನೀವು ಎಲ್ಲೂ ಕಾಣಲಿಲ್ಲ."

"ನೀವು ಇಲ್ಲೆ ನಿಂತಿದ್ರ ಕಾಣತಿದ್ದೆವ್ರಿ," ಎಂದೆ.

ಅವರು ಅಕ್ಕವ್ವನ ತಲೆಯಿಂದ ಒಂದು ಕಬ್ಬಿನ ಗರಿ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಅಫ್ಜಲ ಚಾಚಾನನ್ನು ನೋಡಿದರು. ಬಾಂಗಿಗಿಂತ ಮೊದಲೇ ಬಂದರು ಎಂದು ಚಾಚಾ ಆಣೆ ಮಾಡಿದ. ಜಯಪಾಲ ಸರ್ ಮೀಸೆಯಲ್ಲೇ ನಗತೊಡಗಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಆತವಾ. ಟೈಮ್ ತಪ್ಪಿಸಿದಾಂವ ನಾನ. ಜೀಪ ಇಲ್ಲ ನಿಮ್ಮ ತಂಡಕ್ಕ," ಎಂದರು. "ನನಗೊಂದ ಚಹಾ ಕುಡಸ್ರಿ."

ಸುದ್ದಿ ನಮ್ಮ ಓಣಿಗೆ ಹೇಗೆ ಮುಟ್ಟಿತೋ, ಚಹಾ ಮುಗಿಯುವಷ್ಟರಲ್ಲಿ ನನ್ನ ಹೊಲಿಗೆಯವರು ಬುರ್ಖಾ, ಸೀರೆ ಹಾರಿಸಿಕೊಂಡು ರೈಲ್ವೆ ಗೇಟಿಗೆ ಓಡಿ ಬಂದರು. ಹನ್ನೊಂದು ಮಂದಿಗೂ ಒಂದೇ ಸಲ ಮಾತು. ಒಬ್ಬಳು ಅಕ್ಕವ್ವನ ಕಾಲು ಒತ್ತತೊಡಗಿದಳು. ಮಿಕ್ಕವರು ನಮ್ಮ ಚೀಲಗಳನ್ನು ಕಸಿದುಕೊಂಡು, ಒಬ್ಬರಾದ ಮೇಲೆ ಒಬ್ಬರು ಬೆನ್ನಿಗೆ ಹಾಕಿ ದೀಪದ ಕಂಬದ ಕೆಳಗೆ ಅಡ್ಡಾಡಿ ನೋಡಿದರು. ಕೊನೆಗೆ ತಸ್ಲೀಮಳ ಪಾಳಿ ಬಂತು. ಅವಳು ಅಕ್ಕವ್ವನ ಚೀಲ ಹಾಕಿಕೊಂಡು ಪಟ್ಟಿ ಬಿಗಿದಳು. ಚಹಾದ ಗಾಡಿಯಿಂದ ಗೇಟಿನವರೆಗೆ ನಡೆದಳು. ಎಲ್ಲರೂ ಅಲ್ಲಿಂದ ತಿರುಗಿ ಬಂದಿದ್ದರು. ಅವಳು ತಿರುಗಲಿಲ್ಲ. ಹಳಿ ದಾಟಿದಳು, ಆಚೆಯ ರಸ್ತೆ ಹಿಡಿದಳು, ಕೈ ಬೀಸಿಕೊಂಡು ನಡೆದೇ ನಡೆದಳು.

"ತಸ್ಲೀಮ, ಎಲ್ಲಿಗೇ?" ಎಂದು ಎಲ್ಲರೂ ಕೂಗಿದರು.

"ಹಿಂಗ ಸುಮ್ಮಕ!" ಎಂದು ಕತ್ತಲೆಯಿಂದ ಅವಳ ದನಿ ಬಂತು. ಅದರಲ್ಲಿ ನಗು ತುಂಬಿತ್ತು.

ಜಯಪಾಲ ಸರ್ ಕೈ ಜೀಪಿನ ಬಾಗಿಲ ಕಡೆ ಹೋಯಿತು. ನಾನು ನೋಡಿದೆ. ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಜೇಬಿನಲ್ಲಿ ಇಟ್ಟುಕೊಂಡರು. ಅಕ್ಕವ್ವ ಕುಳಿತಲ್ಲಿಂದಲೇ ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

"ಹೋಗ, ತಂಗೀ, ಹೋಗ! ಆದ್ರ ಚೀಲ ನಂದೈತಿ, ನಾಳಿಗಿ ನಾ ಅಥಣಿಗಿ ಹೋಗೂದೈತಿ!"